ಹೆಪಟೈಟಿಸ್ ಬಿ ವೈರಸ್ಸೂ ದೇಹದ ರೋಗನಿರೋಧ ವ್ಯವಸ್ಥೆಯೂ

೧೯೪೨ನೆಯ ಇಸವಿಯಲ್ಲಿ ಅಮೆರಿಕದ ಸೈನಿಕ ಶಿಬಿರಗಳಲ್ಲಿ ಕಾಮಾಲೆಯ ದೊಡ್ಡ ಹಾವಳಿಯೊಂದು ತಲೆದೋರಿತು. ಯುದ್ಧಕ್ಕೆ ಹೊರಡಲಿದ್ದ ಸೈನಿಕರಿಗೆ ಪೀತಜ್ವರದ ವಿರುದ್ಧ ಲಸಿಕೆ ಹಾಕಲಾಗಿತ್ತು. ಆ ಲಸಿಕೆ ಕೆಡದಿರಲೆಂದು ಅದಕ್ಕೆ ಮನುಷ್ಯರ ರಕ್ತರಸವನ್ನು, ಎಂದರೆ ಸೀರಮನ್ನು, ಬೆರೆಸುವ ಪದ್ಧತಿ ಆಗ ಇತ್ತು; ರಕ್ತವಿತ್ತ ದಾನಿಗಳಲ್ಲಿ ಕೆಲವರ ದೇಹದಲ್ಲಿ ಅಡಗಿದ್ದ ಬೇರೊಂದು ರೋಗಬೀಜವು ಆ ಮಾರ್ಗವಾಗಿ ಸೈನಿಕರ ಮೈಯನ್ನು ಸೇರಿತು. ಸುಮಾರು ೫೦,೦೦೦ ಮಂದಿ ಕಾಮಾಲೆಯಿಂದ ಆಸ್ಪತ್ರೆಗೆ ದಾಖಲಾದರು. ನಾಲ್ಕು ದಶಕಗಳು ಕಳೆದ ಮೇಲೆ, ಅಂದಿನ ಸೈನಿಕರಲ್ಲಿ ಬದುಕಿದ್ದ ಸುಮಾರು ಆರು ನೂರು ಮಂದಿಯನ್ನು ಹುಡುಕಿ ಅವರ ರಕ್ತವನ್ನು ಪರೀಕ್ಷಿಸಲಾಯಿತು. ೧೯೮೭ರಲ್ಲಿ ಪ್ರಕಟವಾದ ಆ ವರದಿಯು ಎರಡು ಸಂಗತಿಗಳನ್ನು ಹೊರಗೆಡಹಿತು. ಅಂದು ಬಂದದ್ದು ಹೆಪಟೈಟಿಸ್ ಬಿ. ಕಾಮಾಲೆಯಾದವರು ೫೦,೦೦೦ ಮಂದಿಯಾದರೂ ಸೋಂಕು ತಗುಲಿದವರ ಸಂಖ್ಯೆ ಸುಮಾರು ೩,೩೦,೦೦೦ ಇದ್ದಿರಬೇಕು. ಇಷ್ಟು ಜನರಲ್ಲಿ ವೈರಸ್ಸನ್ನು ಇನ್ನೂ ಹೊತ್ತುಕೊಂಡಿದ್ದವರ ಪ್ರಮಾಣವೆಷ್ಟು? ಶೇಕಡಾ ಒಂದಕ್ಕಿಂತಲೂ ಬಹಳ ಕಡಮೆ. ಪರೀಕ್ಷಿಸಿದವರ ಲೆಕ್ಕದಲ್ಲಿ ಶೇಕಡಾ ೦.೨೬. ಉಳಿದವರೆಲ್ಲರೂ, ತಮಗೆ ರೋಗ ಬಂದುದನ್ನೇ ಅರಿಯದವರೂ ಸಹ, ಅದನ್ನು ಗೆದ್ದಿದ್ದರು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಟ್ಟು ನೋಡೋಣ. ತೈವಾನ್ ದ್ವೀಪದಲ್ಲಿ ಪಾಮರ್ ಬೀಸ್ಲಿ ಎಂಬ ವೈದ್ಯನೂ ಅವನ ಸಂಗಡಿಗರೂ ೨೨,೭೦೭ ಮಂದಿ ಗಂಡಸರನ್ನು ವರ್ಷಗಟ್ಟಲೆ ಗಮನಿಸುತ್ತ ಬಂದರು. ಇವರಲ್ಲಿ ೩,೪೫೪ ಮಂದಿ ಹೆಪಟೈಟಿಸ್ ಬಿ ವೈರಸ್ಸಿನ ವಾಹಕರಾಗಿದ್ದರು. ನೋಡುವುದಕ್ಕೆ ಆರೋಗ್ಯವಂತರು, ಕಾಮಾಲೆ ಬಂದ ನೆನಪು ಬಹುಮಂದಿಗೆ ಇಲ್ಲ. ೧೯೮೧ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆವರೆಗೆ ಯಕೃತ್ತಿನ ಕ್ಯಾನ್ಸರಿನಿಂದ ೪೧ ಮಂದಿ ತೀರಿಕೊಂಡಿದ್ದರು. ಅವರಲ್ಲಿ ೪೦ ಮಂದಿ ಆ ವಾಹಕರ ಗುಂಪಿಗೆ ಸೇರಿದವರು.

ವೈರಸ್ಸು ಎರಡು ಕಡೆಯೂ ಒಂದೇ. ಅಮೆರಿಕದ ಸೈನಿಕನ ಮೈಯನ್ನು ಅದು ಹೊಕ್ಕದ್ದು ಅವನ ಇಪ್ಪತ್ತನೆಯ ವಯಸ್ಸಿನ ಸುಮಾರಿನಲ್ಲಿ. ತೈವಾನಿನ ವಾಹಕನ ಮೈಯನ್ನು ಹೊಕ್ಕದ್ದು, ಬಹುತೇಕ, ಅವನು ಹುಟ್ಟಿದ ಗಳಿಗೆಯಲ್ಲಿ ಅಥವಾ ಎಳೆತನದಲ್ಲಿ. ಒಬ್ಬನಿಗೆ ಕಾಯಿಲೆಯಾಯಿತು, ವಾಸಿಯಾಯಿತು. ಇನ್ನೊಬ್ಬನಿಗೆ ಕಾಯಿಲೆಯೇ ಆಗಲಿಲ್ಲ, ಆದುದರಿಂದಲೇ ವಾಸಿಯೂ ಆಗಲಿಲ್ಲ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ಅದು ಜೀವಮಾನದ ಸೋಂಕಾಗಿ ನಿಲ್ಲುತ್ತದೆ. ಒಂದರಿಂದ ಐದು ವರ್ಷದೊಳಗೆ ತಗುಲಿದರೆ ನೂರಕ್ಕೆ ಸುಮಾರು ಮೂವತ್ತು. ಪ್ರಾಯದವರಲ್ಲಿ ಐದಕ್ಕಿಂತ ಕಡಮೆ. ಈ ವಿಚಿತ್ರವಾದ ಏರಿಳಿತದ ಕಾರಣವನ್ನು ವೈರಸ್ಸಿನಲ್ಲಿ ಹುಡುಕಿದರೆ ಸಿಕ್ಕದು. ಅದು ನಮ್ಮ ದೇಹದ ಪ್ರತಿಕ್ರಿಯೆಯಲ್ಲಿದೆ. ಆ ಪ್ರತಿಕ್ರಿಯೆಯ ಸ್ವರೂಪವೇ ಪ್ರಕೃತ ಲೇಖನದ ವಿಷಯ.

ಈ ವೈರಸ್ಸಿನ ಸುಳಿವು ಸಿಕ್ಕಿದ್ದು ಅದನ್ನು ಹುಡುಕದೆ ಇದ್ದವನಿಗೆ. ಬರೂಕ್ ಬ್ಲೂಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಬೇರೆ ಬೇರೆ ಜನಾಂಗಗಳ ರಕ್ತರಸದಲ್ಲಿರುವ ಪ್ರೋಟೀನುಗಳ ಭೇದಗಳನ್ನು ಅಧ್ಯಯನ ಮಾಡುತ್ತಿದ್ದನು. ಪದೇ ಪದೇ ರಕ್ತ ಪಡೆದ ಹೀಮೋಫಿಲಿಯಾ ರೋಗಿಯೊಬ್ಬನ ರಕ್ತರಸವು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತರಸದೊಡನೆ ಕೂಡಿ ಒಂದು ಗೆರೆಯಾಗಿ ಗರಣೆಗಟ್ಟಿದುದನ್ನು ಕಂಡು ಅವನೂ ಅವನ ಸಹೋದ್ಯೋಗಿಗಳೂ ಆ ಅಜ್ಞಾತ ವಸ್ತುವಿಗೆ ‘ಆಸ್ಟ್ರೇಲಿಯ ಪ್ರತಿಜನಕ’ವೆಂದು ಹೆಸರಿಟ್ಟು ೧೯೬೫ರಲ್ಲಿ ಪ್ರಕಟಿಸಿದರು. ಅದು ಕಾಮಾಲೆಗೆ ಸಂಬಂಧಿಸಿದ ವೈರಸ್ಸಿನ ಹೊರಕವಚವೆಂಬುದು ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಸ್ಪಷ್ಟವಾಯಿತು. ೧೯೭೦ರಲ್ಲಿ ಲಂಡನ್ನಿನ ಡೇವಿಡ್ ಡೇನ್ ಮತ್ತು ಅವನ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಡಿಯ ವೈರಸ್ಸನ್ನೇ ಕಂಡರು. ಬ್ಲೂಂಬರ್ಗನಿಗೆ ೧೯೭೬ರಲ್ಲಿ ನೊಬೆಲ್ ಬಹುಮಾನ ಬಂದಿತು. ಪ್ರತಿಜನಕವೆಂದರೆ ದೇಹವು ಪರಕೀಯವೆಂದು ಗುರುತಿಸಬಲ್ಲ ವಸ್ತು. ಅದಕ್ಕೆ ಎದುರಾಗಿ ದೇಹವು ತಯಾರಿಸಿಕೊಳ್ಳುವ, ಅದಕ್ಕೇ ಸರಿಹೊಂದಿ ಅಂಟಿಕೊಳ್ಳುವ ಪ್ರೋಟೀನು ಪ್ರತಿಕಾಯ. ಈ ಎರಡು ಶಬ್ದಗಳನ್ನು ಮುಂದೆ ಮತ್ತೆ ಮತ್ತೆ ಬಳಸಬೇಕಾಗುವುದು.

ವೈರಸ್ಸಿನ ಅಡ್ಡಳತೆ ೪೨ ನ್ಯಾನೋಮೀಟರು; ಎಂದರೆ ಸುಮಾರು ಇಪ್ಪತ್ತನಾಲ್ಕು ಸಾವಿರ ವೈರಸ್ಸುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ಆದೀತು. ಹೊರಗೆ ಒಂದು ಕವಚ, ಒಳಗೆ ಒಂದು ತಿರುಳು, ತಿರುಳಿನೊಳಗೆ ಡಿ.ಎನ್.ಎ. ಆ ಡಿ.ಎನ್.ಎ. ಕೇವಲ ೩,೨೦೦ ಅಕ್ಷರಗಳಷ್ಟು ಉದ್ದ. ಮನುಷ್ಯನನ್ನು ಕಾಡುವ ಡಿ.ಎನ್.ಎ. ವೈರಸ್ಸುಗಳಲ್ಲಿ ಇದು ಅತ್ಯಂತ ಚಿಕ್ಕವುಗಳಲ್ಲಿ ಒಂದು. ಇಷ್ಟು ಸಣ್ಣ ಬಂಡವಾಳದಿಂದ ಇಷ್ಟು ದೊಡ್ಡ ವ್ಯವಹಾರವನ್ನು ನಡೆಸುವ ಜಾಣತನವನ್ನು ಕಂಡು ಆಶ್ಚರ್ಯಪಡದೆ ಇರುವುದು ಕಷ್ಟ.

ರಕ್ತವನ್ನು ಸೇರಿದ ವೈರಸ್ಸು ಯಕೃತ್ತಿನ ಜೀವಕೋಶಗಳನ್ನು ಬಿಟ್ಟರೆ ಬೇರೆ ಕಡೆ ನೆಲೆಯೂರುವುದು ವಿರಳ. ಪಿತ್ತದ ಲವಣಗಳನ್ನು ರಕ್ತದಿಂದ ಒಳಕ್ಕೆ ಎಳೆದುಕೊಳ್ಳುವುದಕ್ಕಾಗಿ ಯಕೃತ್ತಿನ ಕೋಶದ ಮೈಮೇಲೆ ಒಂದು ವಿಶಿಷ್ಟವಾದ ಪ್ರೋಟೀನು ಇದೆ. ಆ ಬಾಗಿಲಿನಿಂದಲೇ ವೈರಸ್ಸು ಒಳನುಗ್ಗುತ್ತದೆಂಬುದನ್ನು ಬೀಜಿಂಗಿನ ಸಂಶೋಧಕರು ೨೦೧೨ರಲ್ಲಿ ತೋರಿಸಿಕೊಟ್ಟರು. ಒಳಗೆ ಹೋದ ಮೇಲೆ ವೈರಸ್ಸಿನ ಡಿ.ಎನ್.ಎ. ಕೋಶಕೇಂದ್ರವನ್ನು ಸೇರಿ, ತನ್ನ ಎರಡು ತುದಿಗಳನ್ನೂ ಬೆಸೆದುಕೊಂಡು ಪೂರ್ಣವಾದ ಒಂದು ಉಂಗುರವಾಗುತ್ತದೆ. ಈ ಉಂಗುರವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವ ತೊಡಕಿಗೆಲ್ಲ ಅದೇ ಮೂಲ. ಉಂಗುರದಿಂದ ಆರ್.ಎನ್.ಎ. ಪ್ರತಿಗಳು ಹೊರಡುತ್ತವೆ, ಅವುಗಳಿಂದ ಹೊಸ ತಿರುಳೂ ಹೊಸ ಕವಚವೂ ಆಗುತ್ತವೆ, ತಿರುಳಿನೊಳಗೆ ಬಾಗಿಲು ಮುಚ್ಚಿಕೊಂಡ ಮೇಲೆ ಆರ್.ಎನ್.ಎ.ಯನ್ನು ನೋಡಿ ಡಿ.ಎನ್.ಎ. ಬರೆಯುವ ಕೆಲಸ ನಡೆಯುತ್ತದೆ. ಸಾಮಾನ್ಯ ಜೀವಿಗಳಲ್ಲಿ ಬರವಣಿಗೆ ನಡೆಯುವುದು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಎಂಬುದು ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದದ್ದೇ.

ಹೊಸ ವೈರಸ್ಸುಗಳು ಕೋಶವನ್ನು ಒಡೆದುಕೊಂಡು ಹೊರಬರುವುದಿಲ್ಲ, ಒಸರಿಕೊಂಡು ಬರುತ್ತವೆ. ಕೋಶವು ತನ್ನ ನಿತ್ಯದ ಕೆಲಸವನ್ನು ಮಾಡಿಕೊಂಡೇ ಇರುತ್ತದೆ. ಇದು ಈ ರೋಗದ ಕೀಲಕ. ಹೆಪಟೈಟಿಸ್ ಬಿ ವೈರಸ್ಸು ತಾನಾಗಿ ಯಕೃತ್ತನ್ನು ನಾಶಮಾಡುವುದಿಲ್ಲ ಎಂದು ಹೇಳಬಹುದು. ಮನೆಯಲ್ಲಿ ಸೇರಿಕೊಂಡು ಗೋಡೆಯನ್ನು ಕೊರೆಯದೆ, ಉಗ್ರಾಣದ ಅಕ್ಕಿಯನ್ನು ಮಾತ್ರ ತಿಂದುಕೊಂಡು ಸಂಸಾರವನ್ನು ಬೆಳೆಸುವ ಇಲಿಯ ಹಾಗೆ ಅದು ಬಾಳುತ್ತದೆ. ತರಗತಿಯಲ್ಲಿ ಈ ಮಾತನ್ನು ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳುವುದುಂಟು: ಹಾಗಾದರೆ ಕಣ್ಣು ಹಳದಿಯಾಗುವುದೇಕೆ, ಯಕೃತ್ತು ಕೆಡುವುದೇಕೆ? ಇಲಿಯನ್ನು ಹಿಡಿಯಲು ಹೋದವರು ಗೋಡೆಯನ್ನು ಅಗೆಯುವುದರಿಂದ ಎಂಬುದೇ ಉತ್ತರ.

ಹಿಡಿಯುವವರು ಬರುವುದು ಬಹಳ ತಡವಾಗಿ. ಇನ್‌ಫ್ಲುಯೆಂಜದಂಥ ವೈರಸ್ಸು ಕೋಶವನ್ನು ಹೊಕ್ಕ ಕೆಲವು ಗಂಟೆಗಳಲ್ಲೇ ಕೋಶವು ಗಾಬರಿಯ ಕೂಗು ಹಾಕುತ್ತದೆ. ಇಂಟರ್‌ಫೆರಾನ್ ಎಂಬ ವಸ್ತು ಹೊರಬಿದ್ದು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಜ್ವರ, ಮೈಕೈ ನೋವು ಎಲ್ಲವೂ ಆ ಕೂಗಿನ ಫಲ. ಹೆಪಟೈಟಿಸ್ ಬಿ ವೈರಸ್ಸಿನ ವಿಷಯದಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯದ ಫ್ರಾನ್ಸಿಸ್ ಚಿಸಾರಿಯ ಪ್ರಯೋಗಶಾಲೆಯವರು ಸೋಂಕು ತಗುಲಿಸಿದ ಚಿಂಪಾಂಜಿಗಳ ಯಕೃತ್ತಿನಿಂದ ವಾರವಾರವೂ ಚೂರು ತೆಗೆದು, ಸಾವಿರಾರು ಜೀನುಗಳಲ್ಲಿ ಯಾವುವು ಜಾಗೃತವಾಗಿವೆಯೆಂದು ಪರೀಕ್ಷಿಸಿದರು. ವೈರಸ್ಸು ಹರಡುತ್ತಿದ್ದ ಮೊದಲ ವಾರಗಳಲ್ಲಿ ವೈರಸ್ಸಿನಿಂದಾಗಿ ಎಚ್ಚೆತ್ತ ಜೀನು ಒಂದೂ ಕಾಣಲಿಲ್ಲವೆಂದು ಅವರು ೨೦೦೪ರಲ್ಲಿ ವರದಿಮಾಡಿದರು. ತಿರುಳಿನೊಳಗೆ ಬಾಗಿಲು ಮುಚ್ಚಿಕೊಂಡು ನಕಲು ಬರೆಯುವ ಪದ್ಧತಿಯೇ ಈ ಮೌನಕ್ಕೆ ಒಂದು ಕಾರಣವೆಂದು ಭಾವಿಸಲಾಗಿದೆ. ಸೋಂಕು ತಗುಲಿದಂದಿನಿಂದ ಕಾಯಿಲೆ ಕಾಣಿಸಿಕೊಳ್ಳುವವರೆಗೆ ಆರು ವಾರದಿಂದ ಆರು ತಿಂಗಳವರೆಗೆ ಕಾಲ ಹಿಡಿಯುವುದೂ ಇದರಿಂದಲೇ. ಅಷ್ಟರೊಳಗೆ ಯಕೃತ್ತಿನ ಬಹುಪಾಲು ಕೋಶಗಳು ವೈರಸ್ಸಿನ ವಶವಾಗಿರಬಹುದು.

ಕೊನೆಗೂ ಈ ಮೌನವನ್ನು ಮುರಿಯತಕ್ಕವು ಟಿ ಕೋಶಗಳೆಂಬ ಬಿಳಿಯ ರಕ್ತಕಣಗಳು. ಅವು ಕೋಶದ ಒಳಗನ್ನು ನೋಡಲಾರವು. ಆದರೆ ನಮ್ಮ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯಲ್ಲಿ ಎತ್ತಿ ಹಿಡಿದಿರುತ್ತದೆ. ಸಂತೆಯಲ್ಲಿ ಧಾನ್ಯದ ವ್ಯಾಪಾರಿಯು ಮೂಟೆಯ ಬಾಯಲ್ಲಿ ಒಂದು ಹಿಡಿಯನ್ನು ಮಾದರಿಗಾಗಿ ಹರಡಿರುವಂತೆ. ಟಿ ಕೋಶವು ಆ ಮಾದರಿಯನ್ನು ಮುಟ್ಟಿ ನೋಡುತ್ತದೆ. ಸ್ವಂತದ್ದಾದರೆ ಮುಂದೆ ಸಾಗುತ್ತದೆ. ವೈರಸ್ಸಿನದಾದರೆ ಅಲ್ಲೇ ನಿಲ್ಲುತ್ತದೆ. ಈ ಗುರುತಿಸುವಿಕೆಯ ನಿಯಮವನ್ನು ಕಂಡುಹಿಡಿದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ ೧೯೯೬ರ ನೊಬೆಲ್ ಬಹುಮಾನ ಸಂದಿತು.

ನಿಂತ ಮೇಲೆ ಏನು ಮಾಡುತ್ತದೆ? ಕೊಲ್ಲುತ್ತದೆ ಎಂಬುದು ಬಹುಕಾಲ ಪಠ್ಯಪುಸ್ತಕಗಳಲ್ಲಿದ್ದ ಉತ್ತರ. ಅದು ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಅದೊಂದೇ ಸಾಲದು. ಯಕೃತ್ತಿನ ಬಹುಪಾಲು ಕೋಶಗಳಲ್ಲಿ ವೈರಸ್ಸು ಇರುವಾಗ ಒಂದೊಂದನ್ನೂ ಕೊಂದೇ ರೋಗವನ್ನು ಕಳೆಯಬೇಕಾದರೆ ರೋಗಕ್ಕೆ ಮುಂಚೆ ರೋಗಿಯೇ ಹೋಗಬೇಕಾದೀತು. ಆದರೂ ನೂರಕ್ಕೆ ತೊಂಬತ್ತೈದು ಮಂದಿ ಪ್ರಾಯದವರು ವಾಸಿಯಾಗುತ್ತಾರಷ್ಟೆ. ಈ ವಿರೋಧಾಭಾಸವನ್ನು ಬಿಡಿಸಿದ್ದೂ ಚಿಸಾರಿಯ ಗುಂಪಿನವರೇ. ಅದೇ ಗುಂಪಿನ ಲೂಕಾ ಗಿಡೋಟಿ ಮುಂತಾದವರು ೧೯೯೯ರಲ್ಲಿ ಪ್ರಕಟಿಸಿದ ಚಿಂಪಾಂಜಿಗಳ ಅಧ್ಯಯನದಲ್ಲಿ, ಯಕೃತ್ತಿನ ಕೋಶಗಳು ಹೆಚ್ಚು ಸಂಖ್ಯೆಯಲ್ಲಿ ಸಾಯತೊಡಗುವುದಕ್ಕೆ ಮೊದಲೇ ವೈರಸ್ಸಿನ ಡಿ.ಎನ್.ಎ.ಯ ಬಹುಭಾಗವು ಮಾಯವಾಗಿದ್ದುದು ಕಂಡುಬಂದಿತು. ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಸಂದೇಶವನ್ನು ಸುರಿಸುತ್ತವೆ. ಆ ಸಂದೇಶವನ್ನು ಪಡೆದ ಯಕೃತ್ತಿನ ಕೋಶವು ತಾನು ಸಾಯದೆಯೇ ತನ್ನೊಳಗಿನ ವೈರಸ್ಸಿನ ತಿರುಳುಗಳನ್ನು ಅಳಿಸಿಹಾಕುತ್ತದೆ. ಒಂದು ಟಿ ಕೋಶದ ಸಂದೇಶವು ಸುತ್ತಲಿನ ಅನೇಕ ಕೋಶಗಳಿಗೆ ಮುಟ್ಟುತ್ತದೆ. ಕೊಲ್ಲುವಿಕೆಯು ಉಳಿದದ್ದನ್ನು ಮುಗಿಸುವುದಕ್ಕೆ ಬೇಕು. ೨೦೦೩ರಲ್ಲಿ ಇದೇ ಪ್ರಯೋಗವನ್ನು ಇನ್ನೊಂದು ಬಗೆಯಾಗಿ ಮಾಡಿ, ಘಾತಕ ಟಿ ಕೋಶಗಳನ್ನು ಚಿಂಪಾಂಜಿಯ ದೇಹದಿಂದ ತಾತ್ಕಾಲಿಕವಾಗಿ ತೆಗೆದುಹಾಕಿದಾಗ ವೈರಸ್ಸೂ ಇಳಿಯಲಿಲ್ಲ, ಯಕೃತ್ತಿನ ಉರಿಯೂತವೂ ಆಗಲಿಲ್ಲ. ಆ ಕೋಶಗಳು ಮರಳಿ ಬಂದಾಗ ಎರಡೂ ಒಟ್ಟಿಗೆ ನಡೆದವು. ರೋಗವನ್ನು ಉಂಟುಮಾಡುವ ಕೈಯೂ ಗುಣಪಡಿಸುವ ಕೈಯೂ ಒಂದೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ನಮಗೆ ಅತಿ ಸಮೀಪದ ಬಂಧುಗಳಾದ ಆ ಪ್ರಾಣಿಗಳ ಮೇಲೆ ಇಂಥ ಪ್ರಯೋಗಗಳನ್ನು ಅಮೆರಿಕದಲ್ಲಿ ಈಗ ನಿಲ್ಲಿಸಲಾಗಿದೆ. ನಿಲ್ಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅವುಗಳಿಂದ ತಿಳಿದದ್ದು ಮಾತ್ರ ನಮ್ಮ ಮೇಲಿನ ಋಣ.

ಹೀಗೆ ಕಣ್ಣಿನಲ್ಲಿ ಹಳದಿ ಬಣ್ಣ ಕಾಣಿಸಿಕೊಳ್ಳುವ ಹೊತ್ತಿಗೆ ಹೋರಾಟವು ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ರಕ್ತದಲ್ಲಿ ವೈರಸ್ಸು ಇಳಿಮುಖವಾಗಿರುತ್ತದೆ. ನಮ್ಮ ಊರುಗಳಲ್ಲಿ ಕಾಮಾಲೆಗೆ ಔಷಧಿ ಕೊಡುವ ಮನೆತನಗಳ ಕೀರ್ತಿಗೆ ಇದೂ ಒಂದು ಆಧಾರವೆನ್ನಬೇಕು. ರೋಗಿಯು ಅವರಲ್ಲಿಗೆ ಹೋಗುವುದು ಕಣ್ಣು ಹಳದಿಯಾದ ಮೇಲೆ; ಎಂದರೆ ಗುಣವಾಗುವ ದಾರಿಯನ್ನು ಹಿಡಿದ ಮೇಲೆ. ಕಿರುನೆಲ್ಲಿಯ ಹೆಸರು ಇಲ್ಲಿ ಬರಲೇಬೇಕು. ೧೯೮೮ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಅವರ ಸಂಗಡಿಗರು, ಬ್ಲೂಂಬರ್ಗನೂ ಸೇರಿದಂತೆ, ಕಿರುನೆಲ್ಲಿಯ ಪುಡಿಯನ್ನು ಸೇವಿಸಿದ ವಾಹಕರಲ್ಲಿ ನೂರಕ್ಕೆ ೫೯ ಮಂದಿಯ ರಕ್ತದಿಂದ ಹೊರಕವಚದ ಪ್ರತಿಜನಕವು ಮಾಯವಾಯಿತೆಂದು ವರದಿಮಾಡಿದರು. ಬೇರೆ ದೇಶಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲ ದೊರೆಯಲಿಲ್ಲ. ಗಿಡದ ಮೇಲೆ ಇದರಿಂದ ತಿರಸ್ಕಾರ ಬರಬೇಕಾಗಿಲ್ಲ. ಆದರೆ ತಾನಾಗಿ ಗುಣವಾಗುವ ರೋಗದಲ್ಲಿ ಔಷಧಿಯ ಶಕ್ತಿಯನ್ನು ಅಳೆಯುವುದು ಎಷ್ಟು ಕಷ್ಟವೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಅರಿಯಬಹುದು.

ಪ್ರತಿಕ್ರಿಯೆ ಮಿತಿಮೀರುವುದೂ ಉಂಟು. ನೂರರಲ್ಲಿ ಒಬ್ಬನಿಗಿಂತ ಕಡಮೆ ಮಂದಿಯಲ್ಲಿ ದೇಹದ ದಾಳಿಯು ಯಕೃತ್ತನ್ನೇ ಕೆಲವು ದಿನಗಳಲ್ಲಿ ನಾಶಪಡಿಸಿ ಪ್ರಾಣಕ್ಕೆ ಎರವಾಗುತ್ತದೆ.

ಪ್ರತಿಕಾಯಗಳ ಪಾತ್ರವೇನು? ಸೋಂಕು ತಗುಲಿದ ಮೇಲೆ ಮೊದಲು ಹುಟ್ಟುವುದು ತಿರುಳಿನ ವಿರುದ್ಧದ ಪ್ರತಿಕಾಯ. ಇದರಿಂದ ರಕ್ಷಣೆಯಿಲ್ಲ, ಏಕೆಂದರೆ ತಿರುಳು ಕವಚದ ಒಳಗಿದೆ. ಆದರೆ ಸಾಕ್ಷಿಯಾಗಿ ಇದು ಅಮೂಲ್ಯ. ಒಮ್ಮೆ ವೈರಸ್ಸನ್ನು ಎದುರಿಸಿದವನ ರಕ್ತದಲ್ಲಿ ಬಹುಮಟ್ಟಿಗೆ ಕೊನೆಯವರೆಗೂ ಉಳಿದಿರುತ್ತದೆ. ಅಮೆರಿಕದ ಮಾಜಿ ಸೈನಿಕರು ನಲವತ್ತು ವರ್ಷದ ಮೇಲೆ ಸಿಕ್ಕಿಬಿದ್ದದ್ದು ಇಂಥ ಗುರುತುಗಳಿಂದಲೇ. ನಿಜವಾಗಿ ರಕ್ಷಿಸುವುದು ಹೊರಕವಚದ ವಿರುದ್ಧದ ಪ್ರತಿಕಾಯ. ಅದು ವೈರಸ್ಸಿಗೆ ಅಂಟಿಕೊಂಡು, ಹೊಸ ಕೋಶವನ್ನು ಹೊಗದಂತೆ ತಡೆಯುತ್ತದೆ. ವೈರಸ್ಸು ಇದಕ್ಕೂ ಉಪಾಯವನ್ನು ಹೂಡಿದೆ. ಸೋಂಕು ತಗುಲಿದ ಕೋಶಗಳು ಪೂರ್ಣ ವೈರಸ್ಸುಗಳ ಜೊತೆಗೆ ಒಳಗೆ ಏನೂ ಇಲ್ಲದ ಬರಿಯ ಕವಚದ ಉಂಡೆಗಳನ್ನು ರಕ್ತಕ್ಕೆ ಸುರಿಯುತ್ತವೆ. ಒಂದು ನಿಜವಾದ ವೈರಸ್ಸಿಗೆ ಸಾವಿರದಿಂದ ಲಕ್ಷದವರೆಗೆ ಇಂಥ ಜೊಳ್ಳುಗಳು. ಪ್ರತಿಕಾಯಗಳೆಲ್ಲ ಜೊಳ್ಳನ್ನು ಹಿಡಿಯುವುದರಲ್ಲೇ ಮುಗಿದುಹೋಗುತ್ತವೆ. ಬ್ಲೂಂಬರ್ಗನು ಕಂಡದ್ದು ಮುಖ್ಯವಾಗಿ ಈ ಜೊಳ್ಳನ್ನೇ! ಗುಣವಾಗುವ ರೋಗಿಯಲ್ಲಿ ಜೊಳ್ಳು ಕಣ್ಮರೆಯಾಗಿ ಪ್ರತಿಕಾಯವು ಪರೀಕ್ಷೆಗೆ ಇನ್ನೂ ಸಿಕ್ಕದಿರುವ ಕೆಲವು ವಾರಗಳ ಅವಧಿಯೊಂದು ಬರುತ್ತದೆ. ಆಗ ಎರಡು ಪರೀಕ್ಷೆಗಳೂ ಇಲ್ಲವೆನ್ನುತ್ತವೆ. ತಿರುಳಿನ ಪ್ರತಿಕಾಯವೊಂದೇ ನಿಜವನ್ನು ಹೇಳುತ್ತದೆ.

ಇನ್ನು ಹಸುಳೆಯ ಕಡೆಗೆ ಬರೋಣ. ತಾಯಿಯ ರಕ್ತದಲ್ಲಿ ವೈರಸ್ಸು ಹೇರಳವಾಗಿದ್ದರೆ ಹೆರಿಗೆಯ ಸಮಯದಲ್ಲಿ ಮಗುವಿಗೆ ಅದು ದಾಟುತ್ತದೆ. ಮಗುವಿನ ಟಿ ಕೋಶಗಳು ಎಳೆಯವು, ಅನುಭವವಿಲ್ಲದವು. ಆದರೆ ಅದಷ್ಟೇ ಕಾರಣವಲ್ಲ, ಏಕೆಂದರೆ ಬೇರೆ ಅನೇಕ ಲಸಿಕೆಗಳಿಗೆ ಎಳೆಯ ಮಗುವೂ ಚೆನ್ನಾಗಿಯೇ ಪ್ರತಿಕ್ರಿಯೆ ತೋರಿಸುತ್ತದೆ. ವೈರಸ್ಸು ತನ್ನ ತಿರುಳಿನ ಪ್ರೋಟೀನಿಗೆ ನಿಕಟಸಂಬಂಧಿಯಾದ ‘ಇ ಪ್ರತಿಜನಕ’ವೆಂಬ ಇನ್ನೊಂದು ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ವೈರಸ್ಸು ವೃದ್ಧಿಯಾಗುವುದಕ್ಕೆ ಇದು ಬೇಕೇ ಆಗಿಲ್ಲ. ಹಾಗಿದ್ದರೂ ಇದನ್ನೇಕೆ ತಯಾರಿಸುತ್ತದೆ? ಇದು ಮಾಸಿನ ಮೂಲಕ ಗರ್ಭದಲ್ಲಿರುವ ಮಗುವನ್ನು ಮುಟ್ಟಬಲ್ಲುದು. ಹುಟ್ಟುವ ಮೊದಲೇ ಪರಿಚಯವಾದ ವಸ್ತುವನ್ನು ಮಗುವಿನ ದೇಹವು ತನ್ನದೆಂದೇ ಎಣಿಸಿ, ತಿರುಳಿನ ಪ್ರೋಟೀನನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತದೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಇದು ಪೂರ್ಣ ವಿವರಣೆಯೆಂದು ಎಲ್ಲರೂ ಒಪ್ಪಿಲ್ಲ. ಆದರೆ ಪ್ರಾಯದವನ ದೇಹದಲ್ಲಿ ಯುದ್ಧವನ್ನೆಬ್ಬಿಸುವ ವೈರಸ್ಸನ್ನು ಮಗುವಿನ ದೇಹವು ಬಹಳ ಕಾಲ ಸಹಿಸಿಕೊಂಡಿರುತ್ತದೆಂಬುದರಲ್ಲಿ ಸಂಶಯವಿಲ್ಲ.

ಯಕೃತ್ತಿನ ಸ್ವಭಾವವೂ ಇದಕ್ಕೆ ನೆರವಾಗುತ್ತದೆ. ನಾವು ಉಂಡ ಅನ್ನದ ಪರಕೀಯ ವಸ್ತುಗಳನ್ನೆಲ್ಲ ಹೊತ್ತ ಕರುಳಿನ ರಕ್ತವು ಮೊದಲು ಬರುವುದು ಯಕೃತ್ತಿಗೆ. ಕಂಡದ್ದಕ್ಕೆಲ್ಲ ಅದು ಕೆರಳುವುದಾದರೆ ಪ್ರತಿ ಊಟದ ನಂತರವೂ ಉರಿಯೂತವಾಗಬೇಕು. ಆದಕಾರಣ ಸೈರಣೆಯು ಅದರ ಹುಟ್ಟುಗುಣ. ಇಂಗ್ಲೆಂಡಿನ ಶಸ್ತ್ರವೈದ್ಯ ರಾಯ್ ಕಾನ್ ಹಂದಿಗಳಲ್ಲಿ ಒಂದರ ಯಕೃತ್ತನ್ನು ಇನ್ನೊಂದಕ್ಕೆ ನಾಟಿಮಾಡಿದಾಗ, ಯಾವ ಔಷಧಿಯೂ ಇಲ್ಲದೆ ಎಷ್ಟೋ ಹಂದಿಗಳು ಅದನ್ನು ಸ್ವೀಕರಿಸಿಕೊಂಡುದನ್ನು ೧೯೬೯ರಲ್ಲಿ ವರದಿಮಾಡಿದ್ದನು. ನೆಲೆಯೂರುವುದಕ್ಕೆ ಇದಕ್ಕಿಂತ ಅನುಕೂಲವಾದ ಅಂಗವನ್ನು ವೈರಸ್ಸು ಹುಡುಕಲಾರದು.

ಈ ಸಹನೆ ಕೊನೆಯವರೆಗೆ ಹಾಗೆಯೇ ಉಳಿದಿದ್ದರೆ ಕೇಡಿರಲಿಲ್ಲವೇನೋ. ಹಾಗೆ ಉಳಿಯುವುದಿಲ್ಲ. ಬಾಲ್ಯ ಕಳೆದು ಪ್ರಾಯ ಬಂದಂತೆ, ಬಹಳ ಮಂದಿಯಲ್ಲಿ ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ, ದೇಹವು ಅರೆನಿದ್ರೆಯಿಂದ ಏಳುತ್ತದೆ. ಆದರೆ ಹೋರಾಡಬೇಕಾದ ಟಿ ಕೋಶಗಳು ಅಷ್ಟು ಹೊತ್ತಿಗೆ ಸೋತಿರುತ್ತವೆ. ವರ್ಷಗಟ್ಟಲೆ ಎಡೆಬಿಡದೆ ಶತ್ರುವಿನ ಮುಖವನ್ನೇ ನೋಡುತ್ತಿದ್ದ ಟಿ ಕೋಶವು ತನ್ನ ಮೈಮೇಲೆ ತಡೆಗೀಲಿಗಳನ್ನು ಬೆಳೆಸಿಕೊಂಡು ದುರ್ಬಲವಾಗುತ್ತದೆ. ಅವುಗಳಲ್ಲಿ ಕೆಲವು ಸತ್ತೇ ಹೋಗುತ್ತವೆ. ಇದನ್ನು ವಿಜ್ಞಾನಿಗಳು ಟಿ ಕೋಶದ ಬಳಲಿಕೆಯೆಂದು ಕರೆಯುತ್ತಾರೆ. ಗೆಲ್ಲುವ ಶಕ್ತಿಯಿಲ್ಲದ, ಆದರೆ ಸುಮ್ಮನಿರಲೂ ಆರದ ಇಂಥ ಸೈನ್ಯವು ಮಾಡುವ ಹಾನಿಯು ಗೆಲ್ಲುವ ಸೈನ್ಯದ ಹಾನಿಗಿಂತ ಹೆಚ್ಚು. ಲಂಡನ್ನಿನಲ್ಲಿ ಮಾಲಾ ಮೈನಿ ಮತ್ತು ಅವಳ ಸಹೋದ್ಯೋಗಿಗಳು ೨೦೦೦ದಲ್ಲಿ ಕಂಡ ಒಂದು ಸಂಗತಿ ಇಲ್ಲಿ ಬಹಳ ಅರ್ಥಪೂರ್ಣವಾದುದು. ವೈರಸ್ಸನ್ನು ಹದ್ದಿನಲ್ಲಿಟ್ಟ, ಯಕೃತ್ತು ಕೆಡದಿದ್ದ ರೋಗಿಗಳಲ್ಲಿಯೂ ಯಕೃತ್ತು ಕೆಡುತ್ತಿದ್ದ ರೋಗಿಗಳಲ್ಲಿಯೂ ವೈರಸ್ಸನ್ನು ಗುರುತಿಸಬಲ್ಲ ಟಿ ಕೋಶಗಳ ಒಟ್ಟು ಸಂಖ್ಯೆ ಸುಮಾರು ಒಂದೇ ಆಗಿತ್ತು. ವ್ಯತ್ಯಾಸವಿದ್ದದ್ದು ಉಳಿದವುಗಳಲ್ಲಿ: ಎರಡನೆಯ ಗುಂಪಿನವರ ಯಕೃತ್ತಿಗೆ ವೈರಸ್ಸಿನ ಗುರುತೇ ಇಲ್ಲದ ಅಸಂಖ್ಯಾತ ಬಿಳಿಕಣಗಳು ಗದ್ದಲ ಕೇಳಿ ಬಂದು ಸೇರಿದ್ದವು. ಬೆಂಕಿ ನಂದಿಸಲು ಬಂದ ನಾಲ್ವರ ಹಿಂದೆ ನುಗ್ಗಿದ ಗುಂಪು ಮನೆಯನ್ನು ತುಳಿದುಹಾಕುವುದುಂಟಲ್ಲವೇ?

ಕೋಶಗಳು ಸಾಯುವುದು, ಹೊಸವು ಹುಟ್ಟುವುದು, ನಡುವೆ ನಾರಿನ ಗಾಯದ ಕಲೆ ಬೆಳೆಯುವುದು ಹೀಗೆ ಇಪ್ಪತ್ತು ಮೂವತ್ತು ವರ್ಷ ನಡೆದರೆ ಯಕೃತ್ತು ಗಂಟುಗಂಟಾಗಿ ಗಡುಸಾಗುತ್ತದೆ, ಇದೇ ಸಿರೋಸಿಸ್. ಪದೇ ಪದೇ ವಿಭಜನೆಯಾಗುವ ಕೋಶಗಳಲ್ಲಿ ತಪ್ಪುಗಳು ಕೂಡಿಕೊಳ್ಳುತ್ತವೆ, ವೈರಸ್ಸಿನ ಡಿ.ಎನ್.ಎ.ಯ ತುಣುಕುಗಳು ನಮ್ಮ ವರ್ಣತಂತುಗಳೊಳಗೆ ಸೇರಿಕೊಂಡು ಅದಕ್ಕೆ ಇನ್ನಷ್ಟು ಇಂಬುಕೊಡುತ್ತವೆ. ತೈವಾನಿನ ಆ ೪೦ ಮಂದಿಯ ಮರಣದ ಹಿಂದಿನ ಕಥೆ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಪ್ರಪಂಚದಲ್ಲಿ ೨೫ ಕೋಟಿ ೪೦ ಲಕ್ಷ ಮಂದಿಯಲ್ಲಿ ಈ ಸೋಂಕು ನೆಲೆಸಿತ್ತು. ಭಾರತದ ಪಾಲು ೨ ಕೋಟಿ ೯೮ ಲಕ್ಷ. ಇವರಲ್ಲಿ ಬಹುಮಂದಿಗೆ ತಮ್ಮ ಸ್ಥಿತಿ ತಿಳಿಯದು. ತಿಳಿದವರೂ ಅದನ್ನು ಬಚ್ಚಿಡುವುದುಂಟು, ಏಕೆಂದರೆ ನೆರೆಯವರು ತಟ್ಟೆ ಲೋಟವನ್ನು ಬೇರೆ ಇಡುತ್ತಾರೆ. ಈ ವೈರಸ್ಸು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ. ಜೊತೆಯಲ್ಲಿ ಕುಳಿತು ಉಣ್ಣುವುದರಿಂದ ಅಲ್ಲ.

ವಾಸಿಯಾದವರ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಕೋಶಕೇಂದ್ರದಲ್ಲಿನ ಆ ಡಿ.ಎನ್.ಎ. ಉಂಗುರವು ಪೂರ್ತಿಯಾಗಿ ಅಳಿಯುವುದಿಲ್ಲ. ಹೆಪಟೈಟಿಸ್ ಬಿ ಬಂದು ವಾಸಿಯಾಗಿ ದಶಕಗಳೇ ಕಳೆದವರಲ್ಲಿ ವೈರಸ್ಸಿನ ಸೂಕ್ಷ್ಮವಾದ ಕುರುಹೂ, ಅದನ್ನು ಕಾಯುತ್ತಿರುವ ಚುರುಕಾದ ಟಿ ಕೋಶಗಳೂ ಇರುವುದನ್ನು ಬಾರ್ಬರಾ ರೆಹರ್ಮನ್ ಮತ್ತು ಇತರರು ೧೯೯೬ರಲ್ಲಿ ತೋರಿಸಿದರು. ಗುಣವೆಂದರೆ ನಿರ್ಮೂಲವಲ್ಲ, ಕಾವಲು. ಕಾವಲನ್ನು ತೆಗೆದರೇನಾಗುತ್ತದೆ? ರಕ್ತದ ಕ್ಯಾನ್ಸರುಗಳಿಗೆ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿಯು ಪ್ರತಿಕಾಯಗಳನ್ನು ತಯಾರಿಸುವ ಕೋಶಗಳ ವಂಶವನ್ನೇ ಅಳಿಸುತ್ತದೆ. ಇದನ್ನು ಪಡೆದವರಲ್ಲಿ, ಎಂದೋ ವಾಸಿಯಾಗಿದ್ದ ಹೆಪಟೈಟಿಸ್ ಬಿ ಮರುಕಳಿಸಿ ಪ್ರಾಣವನ್ನು ತೆಗೆದ ಪ್ರಸಂಗಗಳು ನಡೆದಿವೆ. ಆದುದರಿಂದ ಇಂಥ ಚಿಕಿತ್ಸೆಗೆ ಮೊದಲು ತಿರುಳಿನ ಪ್ರತಿಕಾಯವನ್ನು ಪರೀಕ್ಷಿಸುವುದು ಈಗ ಕಡ್ಡಾಯವೆಂಬಂತಾಗಿದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ರಕ್ತರೋಗಕ್ಕಾಗಿ ಅಸ್ಥಿಮಜ್ಜೆಯ ನಾಟಿ ಮಾಡಿಸಿಕೊಂಡ ಕೆಲವು ವಾಹಕರಲ್ಲಿ, ಮಜ್ಜೆಯನ್ನು ಕೊಟ್ಟ ದಾನಿಗೆ ಈ ವೈರಸ್ಸಿನ ವಿರುದ್ಧ ನಿರೋಧವಿದ್ದಾಗ, ವಾಹಕನ ರಕ್ತದಿಂದಲೂ ವೈರಸ್ಸು ಕಾಣೆಯಾಯಿತು. ಈಗ ಬಳಕೆಯಲ್ಲಿರುವ ಟೆನೊಫೊವಿರ್, ಎಂಟೆಕಾವಿರ್ ಮೊದಲಾದ ಔಷಧಿಗಳು ನಕಲು ಬರೆಯುವ ಕೈಯನ್ನು ಹಿಡಿಯುತ್ತವೆ, ಯಕೃತ್ತನ್ನು ಉಳಿಸುತ್ತವೆ, ಉಂಗುರವನ್ನು ಮುಟ್ಟಲಾರವು. ಬಹುಮಂದಿ ಅವನ್ನು ದೀರ್ಘಕಾಲ ಸೇವಿಸಬೇಕಾಗುವುದು ಇದರಿಂದಲೇ.

ಉಂಗುರವು ಕೋಶದಲ್ಲಿ ಕುಳಿತ ಮೇಲ್ಪಟ್ಟು ನಡೆಯುವ ಈ ಹೋರಾಟಕ್ಕಿಂತ ಅದು ಕುಳಿತುಕೊಳ್ಳುವ ಮುಂಚೆಯೇ ತಡೆಯುವುದು ಸುಲಭ. ೧೯೭೧ರಲ್ಲಿ ನ್ಯೂಯಾರ್ಕಿನ ಸಾಲ್ ಕ್ರೂಗ್ಮನ್, ವೈರಸ್ಸಿರುವ ರಕ್ತರಸಕ್ಕೆ ನೀರು ಬೆರೆಸಿ ಒಂದು ನಿಮಿಷ ಕುದಿಯುವ ಶಾಖಕ್ಕೆ ಒಡ್ಡಿದರೆ ಸೋಂಕುವ ಗುಣ ಹೋಗಿ ರಕ್ಷಿಸುವ ಗುಣ ಉಳಿಯುತ್ತದೆಂದು ತೋರಿಸಿದನು. ಬುದ್ಧಿ ಬೆಳೆಯದ ಮಕ್ಕಳನ್ನಿರಿಸಿದ್ದ ವಿಲ್ಲೋಬ್ರೂಕ್ ಸಂಸ್ಥೆಯ ಮಕ್ಕಳ ಮೇಲೆ ಅವನು ನಡೆಸಿದ ಪ್ರಯೋಗಗಳು ವೈದ್ಯನೀತಿಯ ಚರ್ಚೆಯಲ್ಲಿ ಇಂದಿಗೂ ಕಳಂಕವಾಗಿಯೇ ಉಲ್ಲೇಖಗೊಳ್ಳುತ್ತವೆ. ಫಲ ದೊಡ್ಡದೆಂದು ಆ ಮಾತನ್ನು ಮರೆಮಾಚಲಾಗದು. ವಾಹಕರ ರಕ್ತದ ಜೊಳ್ಳು ಉಂಡೆಗಳನ್ನೇ ಶುದ್ಧಿಮಾಡಿ ತಯಾರಿಸಿದ ಲಸಿಕೆಗೆ ೧೯೮೧ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದೇಹದ ಕಣ್ಣಿಗೆ ಮಣ್ಣೆರಚಲು ವೈರಸ್ಸು ಹೂಡಿದ ಉಪಾಯವೇ ಅದಕ್ಕೆ ಮುಳುವಾಯಿತು! ೧೯೮೬ರಿಂದ ಆ ಕವಚದ ಪ್ರೋಟೀನನ್ನು ಯೀಸ್ಟಿನ ಕೋಶಗಳಲ್ಲಿ ಬೆಳೆಸಲಾಗುತ್ತಿದೆ. ರಕ್ತದ ಸೋಂಕೇ ಇಲ್ಲ. ೧೯೯೭ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇದನ್ನು ನಮ್ಮ ದೇಶದಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದ ಮೇಲೆ ಬೆಲೆಯೂ ಕೈಗೆ ಎಟುಕುವಂತಾಯಿತು.

ತೈವಾನಿನಲ್ಲಿ ೧೯೮೪ರಲ್ಲಿ ಸೋಂಕಿರುವ ತಾಯಂದಿರ ಮಕ್ಕಳಿಗೂ, ಎರಡು ವರ್ಷದ ಮೇಲೆ ಎಲ್ಲ ನವಜಾತ ಶಿಶುಗಳಿಗೂ ಲಸಿಕೆ ಹಾಕತೊಡಗಿದರು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು ಅದಕ್ಕೆ ಮುಂಚೆ ವರ್ಷಕ್ಕೆ ಲಕ್ಷಕ್ಕೆ ೦.೭೦ರಂತೆ ಇದ್ದದ್ದು ೧೯೯೦-೯೪ರ ಹೊತ್ತಿಗೆ ೦.೩೬ಕ್ಕೆ ಇಳಿಯಿತು. ಲಸಿಕೆಯಿಂದ ಕ್ಯಾನ್ಸರನ್ನು ತಡೆಯಬಹುದೆಂಬುದಕ್ಕೆ ಮನುಷ್ಯರಲ್ಲಿ ದೊರೆತ ಮೊದಲ ಸಾಕ್ಷ್ಯ ಅದು.

ವೈರಸ್ಸನ್ನು ಸಹಿಸಿಕೊಳ್ಳುವ ಮಗುವೇ ಲಸಿಕೆಗೆ ಮಾತ್ರ ಪ್ರತಿಕ್ರಿಯೆ ತೋರಿಸುವುದು ಹೇಗೆ? ಲಸಿಕೆಯು ಹೋಗುವುದು ಸಹನಶೀಲವಾದ ಯಕೃತ್ತಿಗಲ್ಲ, ತೊಡೆಯ ಸ್ನಾಯುವಿಗೆ. ಜೊತೆಯಲ್ಲಿ ಬೆರೆಸಿದ ಅಲ್ಯುಮಿನಿಯಮ್ಮಿನ ಲವಣವು ಅಲ್ಲಿ ಕೃತಕವಾದ ಎಚ್ಚರಿಕೆಯನ್ನು ಎಬ್ಬಿಸುತ್ತದೆ. ವೈರಸ್ಸಿನ ಮಂದಗತಿಯು ಇಲ್ಲಿ ನಮಗೆ ಸಹಾಯಕ. ಹೆರಿಗೆಯಲ್ಲಿ ಮಗುವಿನ ಮೈಸೇರಿದ ಅಲ್ಪ ಪ್ರಮಾಣದ ವೈರಸ್ಸು ಹೆಚ್ಚಿಕೊಳ್ಳಲು ವಾರಗಳು ಬೇಕು. ಲಸಿಕೆಯನ್ನು ಒಡನೆಯೇ ಹಾಕಿದರೆ ಪ್ರತಿಕಾಯವು ಓಟದಲ್ಲಿ ಮುಂದಾಗುತ್ತದೆ. ಒಂದೊಂದು ದಿನ ತಡವಾದಂತೆಯೂ ಗೆಲುವಿನ ಸಂಭವ ಕಡಮೆಯಾಗುತ್ತದೆ. ೨೦೧೧ರಿಂದ ಭಾರತದ ಎಲ್ಲ ರಾಜ್ಯಗಳ ಲಸಿಕಾ ಕಾರ್ಯಕ್ರಮದಲ್ಲಿಯೂ ಇದು ಸೇರಿದೆ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳ ಸಂಯುಕ್ತ ಲಸಿಕೆಯಲ್ಲಿ ಕೂಡಿಸಿ ಕೊಡಲಾಗುತ್ತದೆ. ತಾಯಂದಿರು ತಪ್ಪದೆ ಬರುವುದು ಈ ಮೂರಕ್ಕೆ. ಆದರೆ ತಾಯಿಯಿಂದ ಬರುವ ಸೋಂಕನ್ನು ತಡೆಯತಕ್ಕದ್ದು ಅದಕ್ಕೂ ಮೊದಲಿನದು, ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಕಬೇಕಾದದ್ದು. ಮನೆಯಲ್ಲಿ ಹೆರಿಗೆಯಾದ ಕಡೆಯೂ, ಸಣ್ಣ ಆಸ್ಪತ್ರೆಗಳಲ್ಲಿ ರಜೆಯ ದಿನ ಹುಟ್ಟಿದ ಕಡೆಯೂ ತಪ್ಪಿಹೋಗುವುದು ಅದೇ. ತಾಯಿಯ ರಕ್ತದಲ್ಲಿ ವೈರಸ್ಸಿರುವುದು ಗರ್ಭಾವಸ್ಥೆಯ ಪರೀಕ್ಷೆಯಲ್ಲಿಯೇ ಗೊತ್ತಾಗಿದ್ದರೆ ಮಗುವಿನ ಒಂದು ತೊಡೆಗೆ ಲಸಿಕೆಯನ್ನೂ, ಇನ್ನೊಂದು ತೊಡೆಗೆ ಸಿದ್ಧ ಪ್ರತಿಕಾಯಗಳನ್ನೂ ಅದೇ ದಿನ ಕೊಡುತ್ತಾರೆ. ತಾಯಿಯಲ್ಲಿ ವೈರಸ್ಸಿನ ಪ್ರಮಾಣ ಬಹಳ ಹೆಚ್ಚಾಗಿದ್ದರೆ ಹೆರಿಗೆಗೆ ಕೆಲವು ವಾರಗಳ ಮೊದಲಿನಿಂದ ಟೆನೊಫೊವಿರ್ ಸಹ ಕೊಡುತ್ತಾರೆ. ಹೀಗೆ ಮಾಡಿದ ಕಡೆಗಳಲ್ಲಿ, ಸೋಂಕು ನೆಲೆಸಬೇಕಾಗಿದ್ದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಅದರಿಂದ ಪಾರಾಗಿದ್ದಾರೆ.